ಅಂಟು ಆಂಟಿಯ ಆಯುಧಪೂಜೆ

ಚಾಮರಾಜಪೇಟೆಯ ನಮ್ಮ ರಸ್ತೆಯ ಮಕ್ಕಳು ಶಶಿರೇಖಾಳನ್ನು ‘ಅಂಟು ಆಂಟಿ’ ಎಂದು ಕರೆಯಲು ಶುರುಮಾಡಿದ್ದು ತೊಂಬತ್ತೇಳರ ಸುಮಾರಿಗೆ. ಬಾಯಿಬಿಟ್ಟ ಶೂ, ಮುರಿದ ಕೇರಂ ಸ್ಟ್ರೈಕರ್, ಕತ್ತು ಕಳಚಿದ ದಸರಾ ಗೊಂಬೆ, ಏನೇ ಆದರೂ ಹಿಡಿದುಕೊಂಡು ಅವಳ ಬಾಗಿಲಿಗೆ ಓಡುತ್ತಿದ್ದರು. ಅವಳು ಅಂಟಿಸಿ ಕೊಡುತ್ತಿದ್ದಳು, ಆದರೆ ಸುಮ್ಮನೆ ಕೊಡುತ್ತಿರಲಿಲ್ಲ. ಜ್ವರ ಬಂದವರನ್ನು ಡಾಕ್ಟರು ವಿಚಾರಿಸುವಂತೆ, “ಇದರ ಮೇಲೆ ಎಷ್ಟು ಭಾರ ಬೀಳತ್ತೆ? ಎಷ್ಟು ದಿನ?” ಎಂದು ಕೇಳುತ್ತಿದ್ದಳು. ಗೊಂಬೆಯ ತಲೆಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದು ಯಾವ ಮಗುವಿಗೆ ಗೊತ್ತು? ಮಕ್ಕಳು ಅಂಟು ಒಣಗುವ ಮೊದಲೇ ಓಟ ಕೀಳುತ್ತಿದ್ದರು.

ಡಾಕ್ಟರು ಎಂದೆ. ಅವಳು ಆಗಿನ್ನೂ ಡಾಕ್ಟರಾಗಿರಲಿಲ್ಲ. ಆಗುತ್ತಾಳೋ ಇಲ್ಲವೋ ಎಂಬುದೇ ಈ ಕಥೆ.

ನಾವಿಬ್ಬರೂ ಒಂದೇ ರಸ್ತೆಯಲ್ಲಿ, ಎದುರುಬದುರು ಮನೆಯಲ್ಲಿ ಬೆಳೆದವರು. ನಾನು ಕಾನ್ವೆಂಟಿಗೆ ಹೋದೆ, ಅವಳು ಕಾರ್ಪೊರೇಷನ್ ಶಾಲೆಗೆ. ಇಂಗ್ಲಿಷಿನಲ್ಲಿ ‘ದಿ’ ಎಲ್ಲಿ ಇರಬೇಕು, ಎಲ್ಲಿ ಇರಬಾರದು ಎಂದು ಸಿಸ್ಟರುಗಳು ನನಗೆ ಹತ್ತು ವರ್ಷ ಕಲಿಸಿದರು. ಅವಳಿಗೆ ಅವಳ ಮೇಷ್ಟ್ರು ಗಣಿತ ಕಲಿಸಿದರು. ಮೋಸ ಹೋದವರು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅವಳ ಅಪ್ಪ ಮುನಿನಾರಾಯಣಪ್ಪ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ ಇಟ್ಟಿದ್ದವರು. ಒಂದು ಸಲ ಅವರ ತಕ್ಕಡಿಯ ತಟ್ಟೆಯಲ್ಲಿ ಸರಪಳಿ ಸಿಕ್ಕಿಸುವ ಕಿವಿ ಮುರಿಯಿತು. ಎರಡು ಟ್ಯೂಬು ಬೆರೆಸಿ ಹಚ್ಚುವ ಗಟ್ಟಿ ಅಂಟು ಆಗ ಹೊಸದು. ಅದನ್ನು ತಂದು ಅಂಟಿಸಿದರು. ಮರುದಿನ ಇಪ್ಪತ್ತು ಕೆಜಿ ಆಲೂಗಡ್ಡೆ ಹಾಕಿ ನೋಡಿದರು. ಕಿವಿ ಅಲುಗಲಿಲ್ಲ. ಅಲ್ಲಿಂದ ಮುಂದೆ ತಟ್ಟೆಯಲ್ಲಿ ಹಗಲೆಲ್ಲ ಏನಾದರೊಂದು ಭಾರ ಕೂತೇ ಇರುತ್ತಿತ್ತು. ಏಳು ತಿಂಗಳಾದ ಮೇಲೆ, ಏಪ್ರಿಲ್ ಬಿಸಿಲಿನ ಒಂದು ಮಧ್ಯಾಹ್ನ, ಬರೀ ಎಂಟು ಕೆಜಿ ಟೊಮ್ಯಾಟೊ ಹಾಕಿದ್ದಾಗ ಕಿವಿ ಕಳಚಿಕೊಂಡು ತಟ್ಟೆ ಗಂಗಾಧರಯ್ಯನೆಂಬ ಕಾಯಂ ಗಿರಾಕಿಯ ಪಾದದ ಮೇಲೆ ಬಿತ್ತು. ಟೊಮ್ಯಾಟೊ ಯಾವುದು, ಹೆಬ್ಬೆರಳು ಯಾವುದು ಎಂದು ವಿಂಗಡಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಎಲ್ಲರೂ ಅಂಟನ್ನು ಬೈದರು. ಹದಿನಾಲ್ಕರ ಶಶಿ ಮಾತ್ರ ಕೇಳಿದಳು, “ಅಪ್ಪಾ, ಇಪ್ಪತ್ತು ಕೆಜಿ ತಡ್ಕೊಂಡಿದ್ದು ಎಂಟು ಕೆಜಿಗೆ ಯಾಕೆ ಬಿತ್ತು?”

“ಸುಸ್ತಾಗಿರ್ಬೇಕು ಕಣಮ್ಮಿ,” ಅಂದರು ಮುನಿನಾರಾಯಣಪ್ಪ.

ಮುಂದೆ ಅವಳು ಓದಿದ ದಪ್ಪ ದಪ್ಪ ಪುಸ್ತಕಗಳೆಲ್ಲ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಆದರೆ ಎಷ್ಟು ಸುಸ್ತು, ಎಷ್ಟು ದಿನಕ್ಕೆ ಎಂದು ಲೆಕ್ಕ ಹಾಕಿ ಹೇಳುವುದಿದೆಯಲ್ಲ, ಅದಕ್ಕೆ ಅವಳ ಆಯಸ್ಸಿನ ಎಂಟು ವರ್ಷ ಹೋಯಿತು.

ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತ ಅವಳು ಪಿಎಚ್‌ಡಿಗೆ ಸೇರಿಕೊಂಡದ್ದು ತೊಂಬತ್ತೊಂದರಲ್ಲಿ. ಎಂಟು ವರ್ಷದ ಗಡುವು. ತೊಂಬತ್ತೊಂಬತ್ತರ ಮಾರ್ಚ್ ಮೂವತ್ತೊಂದರೊಳಗೆ ಥೀಸಿಸ್ ಒಪ್ಪಿಸದಿದ್ದರೆ ನೋಂದಣಿ ರದ್ದು, ಮಾಡಿದ್ದೆಲ್ಲ ಮಣ್ಣುಪಾಲು. ಗೈಡು ಬಸವನಗುಡಿಯ ಪ್ರೊಫೆಸರ್ ರಾಮಾನುಜ. ಬಿಳಿ ಷರ್ಟು, ಅದರ ಜೇಬಿನಲ್ಲಿ ಆರಿಂಚಿನ ಸ್ಕೇಲು, ಮಾತೂ ಸ್ಕೇಲಿಟ್ಟು ಗೆರೆ ಎಳೆದ ಹಾಗೆ. ಮೂವತ್ತು ವರ್ಷದಿಂದ ಅವರು ಲೀನಿಯರ್ ಸಿದ್ಧಾಂತದಲ್ಲಿ ಲೀನವಾಗಿದ್ದವರು. ಅಂದರೆ ಭಾರ ಎರಡು ಪಟ್ಟಾದರೆ ಅಂಟು ಜಾರುವುದೂ ಎರಡು ಪಟ್ಟು, ಮೂರಾದರೆ ಮೂರು.

ಶಶಿ ಹೇಳುತ್ತಿದ್ದದ್ದು ಬೇರೆ. “ಇಲ್ಲ ಕಣೇ. ನಿಮ್ಮನೆಗೆ ಇಬ್ಬರು ನೆಂಟರು ಬಂದು ನಾಲ್ಕು ದಿನ ಕೂತ್ರೆ ಒಂದು ಕಷ್ಟ. ನಾಲ್ಕು ಜನ ಬಂದು ಕೂತ್ರೆ ಅದರ ಡಬಲ್ ಕಷ್ಟಾನಾ?”

“ಡಬಲ್ಲಾ! ನಾನೇ ಮನೆ ಬಿಟ್ಟು ಹೋಗ್ತೀನಿ.”

“ಅದೇ ನಾನ್‌ಲೀನಿಯರ್.”

ಅಂಟಿಗೂ ನಂಟಿಗೂ ಒಂದೇ ಸೂತ್ರ ಎಂದು ನನಗೆ ಹೊಳೆದದ್ದು ಆಗ. ಅವಳ ಥೀಸಿಸ್ಸಿನ ಇಂಗ್ಲಿಷ್ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. “ನೀನು ಕಾನ್ವೆಂಟ್ ಅಲ್ವಾ, ನೋಡು ಸ್ವಲ್ಪ” ಎಂದು ತಂದು ಸುರಿದಿದ್ದಳು. ಒಟ್ಟು ಇನ್ನೂರ ಹನ್ನೆರಡು ‘ದಿ’ ಸೇರಿಸಿದೆ. ಭೌತವಿಜ್ಞಾನಕ್ಕೆ ನನ್ನ ಕಾಣಿಕೆ ಅಷ್ಟೇ. ಆದರೆ ಸೇರಿಸುತ್ತ ಸೇರಿಸುತ್ತ ವಿಷಯವೂ ಒಂದಿಷ್ಟು ತಲೆಗೆ ಅಂಟಿಕೊಂಡಿತು. ಗಟ್ಟಿಯಾಗಿ ಕಾಣುವ ಈ ಅಂಟಿಗೆ ಅರ್ಧ ರಬ್ಬರ್ ಬ್ಯಾಂಡಿನ ಗುಣ, ಅರ್ಧ ಜೇನುತುಪ್ಪದ ಗುಣ. ಎಳೆದು ಬಿಟ್ಟರೆ ಹೋಳಿಗೆಯ ಕಣಕದ ಹಾಗೆ ಒಂದಿಷ್ಟು ಹಿಂದಕ್ಕೆ ಬರುತ್ತದೆ, ಪೂರ್ತಿ ಬರುವುದಿಲ್ಲ. ಭಾರ ಕಟ್ಟಿ ಬಿಟ್ಟರೆ ದಿನ ದಿನವೂ ಕಣ್ಣಿಗೆ ಕಾಣದಷ್ಟು ಜಾರುತ್ತ ಹೋಗುತ್ತದೆ. ಇನ್ನೊಂದು ವಿಶೇಷವೆಂದರೆ ಅದಕ್ಕೆ ನೆನಪಿದೆ. ಹಿಂದೆ ಯಾವತ್ತು ಎಷ್ಟು ಭಾರ ಹೊತ್ತಿದ್ದೆ ಎಂಬುದೆಲ್ಲ ನೆನಪಿಟ್ಟುಕೊಂಡು ಇವತ್ತು ಹೇಗೆ ಜಾರಬೇಕೆಂದು ನಿರ್ಧರಿಸುತ್ತದೆ. ಹಳೆಯದು ಸ್ವಲ್ಪ ಮಸುಕು, ಹೊಸದು ಸ್ಪಷ್ಟ. ನಮ್ಮ ಅತ್ತೆಗೆ ಇದು ತಿರುಗುಮುರುಗಾಗಿತ್ತು. ಆ ಲೆಕ್ಕದಲ್ಲಿ ಅಂಟು ಎಷ್ಟೋ ವಾಸಿ.

ಕಾಲೇಜಿನ ಪ್ರಯೋಗಾಲಯದ ಯಂತ್ರ ತಿಂಗಳುಗಟ್ಟಲೆ ಒಬ್ಬರಿಗೇ ಸಿಗುವಂತಿರಲಿಲ್ಲ. ಸಿಕ್ಕರೂ ಆಗಿನ ಕರೆಂಟನ್ನು ನಂಬುವಂತಿರಲಿಲ್ಲ. ಶಶಿ ಹುಡುಕಿಕೊಂಡ ಉಪಾಯ ಅವಳ ಮನೆಯಲ್ಲೇ ಇತ್ತು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ನೋಡಿಕೊಳ್ಳುತ್ತಿದ್ದ ತಮ್ಮ ಮುನಿರಾಜು ಎಲೆಕ್ಟ್ರಾನಿಕ್ ತಕ್ಕಡಿ ತಂದಿದ್ದ. ಅಪ್ಪ ಅಕ್ಕಿಪೇಟೆಯಲ್ಲಿ ಕೊಂಡಿದ್ದ ಕಬ್ಬಿಣದ ತೂಕದ ಕಲ್ಲುಗಳೆಲ್ಲ ಮನೆಗೆ ಬಂದು ಮೂಲೆಯಲ್ಲಿ ಕೂತಿದ್ದವು. ಒಂದು ಕೆಜಿ, ಎರಡು ಕೆಜಿ, ಐದು ಕೆಜಿ, ಎಲ್ಲದರ ಹೊಟ್ಟೆಯಲ್ಲೂ ತೂಕ ಅಳತೆ ಇಲಾಖೆಯ ಸೀಲು. ಅವಳು ಮರಿಯಣ್ಣನ ವೆಲ್ಡಿಂಗ್ ಅಂಗಡಿಯಲ್ಲಿ ಆರು ಸನ್ನೆಗೋಲು ಮಾಡಿಸಿದಳು. ಒಂದು ತುದಿಗೆ ಒಂದು ಕೆಜಿ ಕಟ್ಟಿದರೆ ಇನ್ನೊಂದು ತುದಿಯಲ್ಲಿ ಹತ್ತು ಕೆಜಿಯಷ್ಟು ಎಳೆಯುವಂಥವು. ನಡುಮನೆಯ ತೊಲೆಗೆ ಅವನ್ನು ಸಾಲಾಗಿ ನೇತುಹಾಕಿ, ಒಂದೊಂದರ ತುದಿಗೂ ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ಅಂಟಿಸಿದ ಒಂದೊಂದು ಜೋಡಿಯನ್ನು ಸಿಕ್ಕಿಸಿದಳು. ಜೋಡಿ ಎಷ್ಟು ಜಾರಿತೆಂದು ತೋರಿಸಲು ಗಡಿಯಾರದಂಥ ಡಯಲ್ ಗೇಜು. ಕೂದಲೆಳೆಗಿಂತ ಕಡಿಮೆ ಜಾರಿದರೂ ಅದರ ಮುಳ್ಳು ಹೇಳಿಬಿಡುತ್ತಿತ್ತು. ಎರಡು ಕೆಜಿಯಿಂದ ಏಳು ಕೆಜಿಯವರೆಗೆ ಆರು ಜೋಡಿ, ಆರು ಭಾರ. ಗುರುತ್ವಾಕರ್ಷಣೆಗೆ ಲೋಡ್‌ಶೆಡ್ಡಿಂಗ್ ಇಲ್ಲ.

ಹೀಗೆ ತೊಂಬತ್ತೆಂಟರ ಯುಗಾದಿಯ ಮರುದಿನ ಭಾರ ಏರಿತು. ಹತ್ತು ತಿಂಗಳು ಮುಟ್ಟಬಾರದು ಎಂದು ರಾಮಾನುಜ ಅವರ ಅಪ್ಪಣೆ. ಶಶಿ ಪಾಠಕ್ಕೆ ಹೋದಾಗ ಮುಳ್ಳು ನೋಡಿ ಬರೆಯುವವರು ಯಾರು? ಅವಳ ತಾಯಿ ಸಪ್ಪಲಮ್ಮ.

ಸಪ್ಪಲಮ್ಮ ಶಾಲೆಯಲ್ಲಿ ಕಲಿತದ್ದು ಮೂರನೇ ಕ್ಲಾಸು, ಮಾರ್ಕೆಟ್ಟಿನಲ್ಲಿ ಕಲಿತದ್ದು ಮೂವತ್ತು ವರ್ಷ. ಅಂಕಿಯೆಂದರೆ ಆಕೆಗೆ ಕನ್ನಡದ ಅಂಕಿ. ಮಗಳು ಮೊದಲ ದಿನವೇ ಪಾಠ ಹೇಳಿಕೊಟ್ಟಿದ್ದಳು: “ನೋಡಮ್ಮಾ, ಭಾರ ಹಾಕಿದ ತಕ್ಷಣ ಅಂಟು ಜಾಸ್ತಿ ಓಡತ್ತೆ, ಆಮೇಲೆ ನಿಧಾನ. ಅದಕ್ಕೇ ಒಂದು ನಿಮಿಷಕ್ಕೆ ಒಂದ್ಸಲ ಬರಿ, ಆಮೇಲೆ ಎರಡಕ್ಕೆ, ನಾಲ್ಕಕ್ಕೆ, ಎಂಟಕ್ಕೆ. ಹಿಂಗೇ ದುಪ್ಪಟ್ಟು ಮಾಡ್ಕೊಂಡು ಹೋಗು. ಕಲ್ಲು ಮುಟ್ಟಿದಾಗೆಲ್ಲಾ ಇದೇ ಲೆಕ್ಕ.” ಆ ಕೊನೆಯ ಮಾತನ್ನು ಶಶಿ ಹೇಳಿ ಮರೆತಳು. ಸಪ್ಪಲಮ್ಮ ಮರೆಯಲಿಲ್ಲ.

ಆರು ತಿಂಗಳು ಸರಾಗವಾಗಿ ಹೋಯಿತು. ಮುಳ್ಳು ಸರಾಗ, ಸೂತ್ರ ಮಾತ್ರ ಸರಿಯಾಗಲಿಲ್ಲ. ಕಡಿಮೆ ಭಾರದ ಜೋಡಿಗಳಿಗೆ ಹೊಂದಿಸಿದರೆ ಹೆಚ್ಚು ಭಾರದವು ಕೈಬಿಟ್ಟು ಹೋಗುತ್ತಿದ್ದವು. ಇವನ್ನು ಹಿಡಿದರೆ ಅವು ಹೋದವು. ಗೋಂದಿಗಿಂತ ಗೊಂದಲವೇ ಹೆಚ್ಚಾಗಿ ಅಂಟಿಕೊಂಡಿತು.

“ಎರಡು ವಿಷಯ ಒಂದಕ್ಕೊಂದು ಸಿಕ್ಕಾಕ್ಕೊಂಡಿದೆ ಕಣೇ,” ಅಂದಳು ನನ್ನ ಅಡುಗೆಮನೆಯಲ್ಲಿ ಕೂತು. “ಭಾರ ಜಾಸ್ತಿಯಾದ್ರೆ ಅಂಟು ಜಾಸ್ತಿ ಜಾರತ್ತೋ, ಇಲ್ಲಾ ಅದರೊಳಗಿನ ಗಡಿಯಾರವೇ ಬೇಗ ಓಡತ್ತೋ? ಜಾಸ್ತಿ ಜಾರೋದು ಬೇರೆ, ಬೇಗ ಜಾರೋದು ಬೇರೆ. ಎರಡೂ ಸೇರಿ ಮುಳ್ಳಲ್ಲಿ ಒಂದೇ ಅಂಕಿ ಬರ್ತಿದೆ.”

“ನಮ್ಮ ಹಿಂದಿನ ಮನೆ ಗಂಡಹೆಂಡತಿ ಜಗಳದ ಹಾಗೆ,” ಅಂದೆ. “ಇಬ್ಬರೂ ಒಟ್ಟಿಗೆ ಕೂಗ್ತಾರೆ. ಯಾರ ಗಂಟಲು ಎಷ್ಟು ಅಂತ ಗೊತ್ತಾಗಲ್ಲ.”

“ಒಬ್ಬರು ಸುಮ್ಮನಾದ್ರೆ ಇನ್ನೊಬ್ಬರ ದನಿ ಕೇಳತ್ತೆ. ಭಾರ ಇಳಿಸಿ ಅಂಟು ಹೆಂಗೆ ಹಿಂದಕ್ಕೆ ಬರತ್ತೆ ಅಂತ ನೋಡಿದ್ರೆ ಗೊತ್ತಾಗಬಹುದು. ಆದ್ರೆ ಇಳಿಸಿಬಿಟ್ರೆ ಹತ್ತು ತಿಂಗಳ ಪರೀಕ್ಷೆ ಕೆಟ್ಟ ಹಾಗೆ. ಸರ್ ಒಪ್ಪಲ್ಲ. ನನಗೂ ಧೈರ್ಯ ಇಲ್ಲ.”

ಧೈರ್ಯದ ಕೆಲಸಗಳನ್ನು ನಮ್ಮಲ್ಲಿ ಹೆಚ್ಚಾಗಿ ಮಾಡುವುದು ಅದು ಧೈರ್ಯವೆಂದು ಗೊತ್ತಿಲ್ಲದವರು.

ಆ ವರ್ಷದ ಆಯುಧಪೂಜೆಯ ದಿನ ಶಶಿ ಬೆಳಿಗ್ಗೆಯೇ ಪಾಲಿಟೆಕ್ನಿಕ್ಕಿಗೆ ಹೋಗಿದ್ದಳು. ಅಲ್ಲಿ ಲೇತ್ ಯಂತ್ರಗಳಿಗೆಲ್ಲ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿ ಮನೆಗೆ ಬರುವಾಗ ಮೂರು ಗಂಟೆ. ದಾರಿಯಲ್ಲಿ ನಾನೂ ಜೊತೆಯಾದೆ, ಅವಳ ಮನೆಯ ಪುರಿಗಿಂತ ಪಾಲಿಟೆಕ್ನಿಕ್ಕಿನ ಪುರಿ ಗರಿಗರಿ ಎಂಬ ಕಾರಣಕ್ಕೆ. ನಡುಮನೆಗೆ ಕಾಲಿಟ್ಟವಳು ಹಾಗೇ ನಿಂತಳು.

ಆರು ಸನ್ನೆಗೋಲುಗಳೂ ಬರಿಗೈಯಲ್ಲಿ ನಿಂತಿದ್ದವು.

“ಅಮ್ಮಾ, ಕಲ್ಲೆಲ್ಲಿ?”

“ಕಣ್ಣು ಕಾಣಾಕಿಲ್ವ? ದೇವ್ರ ಮುಂದೆ ಐತಲ್ಲ,” ಅಂದರು ಸಪ್ಪಲಮ್ಮ ಒಳಗಿನಿಂದ.

ಇದ್ದವು. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು, ಸಾಲಾಗಿ ಕೂರಿಸಿದ್ದರು. ಮದುವೆ ಮನೆಯಲ್ಲಿ ಫೋಟೋಗೆ ಕೂತ ಬೀಗರ ಹಾಗೆ ಕಾಣುತ್ತಿದ್ದವು.

“ಯಾಕ್ ಇಳಿಸ್ದೆ? ಯಾರು ಇಳಿಸು ಅಂದ್ರು?”

“ಯಾರು ಅನ್ಬೇಕು? ಆಯುಧಪೂಜೆ ಕಣಮ್ಮಿ ಇವತ್ತು. ನಿಮ್ಮಪ್ಪನ ಕಲ್ಲು. ಮೂವತ್ತು ವರ್ಷ ಅನ್ನ ಹಾಕಿರೋ ಕಲ್ಲು. ನೇತಾಡ್ತಿರೋದಕ್ಕೆ ಹಂಗೇ ಕುಂಕುಮ ಇಡಾಕಾಯ್ತದಾ?”

ಶಶಿ ಏಳು ಕೆಜಿಯ ಕಲ್ಲುಗಳ ಕಡೆ ಕೈ ಚಾಚಿದಳು. ಸಪ್ಪಲಮ್ಮ ಅಡ್ಡ ನಿಂತರು.

“ಮುಟ್ಬೇಡ. ಪೂಜೆಗೆ ಕೂತಿರೋದನ್ನ ಇವತ್ತು ಎತ್ತಂಗಿಲ್ಲ. ನಾಳೆ ಬೆಳಿಗ್ಗೆ ಕಾಯಿ ಒಡ್ದು ಎತ್ತೋದು. ನಿಮ್ಮಪ್ಪ ಇದ್ದಾಗ ಯಾವತ್ತಾದ್ರೂ ಆಯುಧಪೂಜೆ ಸಾಯಂಕಾಲ ಅಂಗಡಿ ತಕ್ಕಡಿ ಮುಟ್ಟಿದ್ರಾ?”

“ಅಮ್ಮಾ, ನನ್ನ ಎಂಟು ವರ್ಷ!”

“ಒಂದು ದಿನ ಸುಮ್ಕಿರೇ. ಎಂಟು ವರ್ಷದಾಗೆ ಒಂದು ದಿನ ಅದಕ್ಕೂ ರಜ ಬ್ಯಾಡ್ವಾ?”

ಶಶಿ ತಿರುಗಿ ಹೊರಟವಳು ನೇರ ನಮ್ಮ ಮನೆಯ ಮೆಟ್ಟಿಲ ಮೇಲೆ ಬಂದು ಕೂತಳು. ಅಳಲಿಲ್ಲ. ಕಡ್ಲೆಪುರಿಯ ಪೊಟ್ಟಣವನ್ನು ಅದು ಚಿಂದಿಯಾಗುವ ತನಕ ಹಿಸುಕಿದಳು.

“ಮುಗೀತು ಕಣೇ. ಇನ್ನು ಆರು ತಿಂಗಳಿದೆ. ಮತ್ತೆ ಹತ್ತು ತಿಂಗಳ ಪರೀಕ್ಷೆ ಎಲ್ಲಿಂದ ತರಲಿ?”

ಕಾನ್ವೆಂಟಿನಲ್ಲಿ ಇಂಥ ಸಂದರ್ಭಕ್ಕೆ ಏನು ಹೇಳಬೇಕೆಂದು ಕಲಿಸಿರಲಿಲ್ಲ. ಕಾಫಿ ಮಾಡಿದೆ.

ಮರುದಿನ ವಿಜಯದಶಮಿ. ಬೆಳಿಗ್ಗೆ ಎಂಟಕ್ಕೆ ಸಪ್ಪಲಮ್ಮ ತಾವೇ ಕಾಯಿ ಒಡೆದು, ಯಾವ ಕಲ್ಲು ಯಾವ ಸನ್ನೆಗೋಲಿಗೆ ಎಂಬುದನ್ನು ಒಂದೂ ತಪ್ಪದೆ ಏರಿಸಿದರು. ಶಶಿ ಕೋಣೆಯಿಂದ ಹೊರಗೆ ಬರಲಿಲ್ಲ. ಅದರ ಮರುದಿನ ಅವಳ ಲೂನಾದ ಹಿಂದೆ ನಾನು ಕೂತೆ. ಬಸವನಗುಡಿಯ ತಮ್ಮ ಮನೆಯ ಜಗಲಿಯಲ್ಲಿ ರಾಮಾನುಜ ಅವರು ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ. ಸ್ಕೇಲನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗಿಟ್ಟರು.

“ಎಷ್ಟು ಗಂಟೆಗೆ ಇಳಿಸಿದ್ರು? ಎಷ್ಟು ಗಂಟೆಗೆ ಏರಿಸಿದ್ರು?”

“ಇಳಿಸಿದ್ದು ಯಾವಾಗ ಅಂತ ಗೊತ್ತಿಲ್ಲ ಸರ್. ಅಮ್ಮನ ಹತ್ರ ಮಾತಾಡಿಲ್ಲ.”

“ಮೊದಲು ಹೋಗಿ ಮಾತಾಡಮ್ಮಾ. ಕೋಪ ಆಮೇಲೆ ಮಾಡ್ಕೋಬಹುದು.”

ನಾವು ಬಂದಾಗ ಸಪ್ಪಲಮ್ಮ ಮೊರದಲ್ಲಿ ದಂಟಿನಸೊಪ್ಪು ಬಿಡಿಸುತ್ತಿದ್ದರು. ಶಶಿ ಗೋಡೆ ನೋಡಿಕೊಂಡು ಕೇಳಿದಳು, “ಎಷ್ಟೊತ್ತಿಗೆ ಇಳಿಸ್ದೆ?”

“ಬರ್ದಿದೀನಲ್ಲ.”

“ಏನ್ ಬರ್ದಿದೀಯ?”

“ಎಲ್ಲಾನೂ. ಕಲ್ಲು ಮುಟ್ಟಿದಾಗೆಲ್ಲಾ ದುಪ್ಪಟ್ಟು ಲೆಕ್ಕದಾಗೆ ಬರಿ ಅಂತ ನೀನೇ ಹೇಳಿರ್ಲಿಲ್ವಾ? ಇಳ್ಸೋದೂ ಮುಟ್ಟೋದೇ ತಾನೆ?” ಸೊಪ್ಪಿನ ಕೈ ಒರೆಸಿಕೊಂಡು ಗೂಡಿನಿಂದ ಪುಸ್ತಕ ತೆಗೆದುಕೊಟ್ಟರು.

ಹೊರಗೆ ಲಕ್ಷ್ಮಿಯ ಚಿತ್ರವಿದ್ದ ಉದ್ದನೆಯ ಪುಸ್ತಕ. ಒಳಗೆ ಆರು ಸಾಲು, ಪ್ರತಿ ಸಾಲಿನಲ್ಲೂ ೧, ೨, ೪, ೮, ೧೫, ೩೦ ನಿಮಿಷ. ಆಮೇಲೆ ಒಂದು ಗಂಟೆ, ಎರಡು, ನಾಲ್ಕು, ಎಂಟು, ಹದಿನಾರು. ಒಂದೊಂದರ ಎದುರೂ ಮುಳ್ಳಿನ ಅಂಕಿ. ಕಲ್ಲು ಮತ್ತೆ ಏರಿಸಿದ ಬೆಳಿಗ್ಗೆಯದು ಇನ್ನೊಂದು ಪುಟದಲ್ಲಿ ಅದೇ ಥರ.

ಶಶಿಯ ದನಿ ಬದಲಾಯಿತು. “ಆರೂ ಜೋಡಿಗೆ ಒಬ್ಬಳೇ ಹೆಂಗೆ ನೋಡಿದೆ?”

“ಒಂದೊಂದಾಗಿ ಇಳಿಸ್ದೆ. ಒಂದರದ್ದು ಎಂಟು ನಿಮಿಷ ಬರ್ದಾದ್ಮೇಲೆ ಇನ್ನೊಂದು. ಆರು ಮುಳ್ಳು ಒಟ್ಟಿಗೆ ನೋಡಾಕೆ ನಾನೇನು ಷಣ್ಮುಖನಾ?”

“ಹದಿನಾರನೇ ಗಂಟೆ ರಾತ್ರಿ ಎರಡಕ್ಕೆ ಬೀಳತ್ತಲ್ಲಮ್ಮಾ.”

“ಬಿದ್ರೆ? ಮೂವತ್ತು ವರ್ಷ ಮಾರ್ಕೆಟ್ಟಿಗೆ ಎದ್ದಿದ್ದು ಎಷ್ಟೊತ್ತಿಗೆ ಅಂದ್ಕೊಂಡಿದೀಯ?”

ಶಶಿ ಪುಸ್ತಕ ಹಿಡಿದು ಅಲ್ಲೇ ನೆಲದ ಮೇಲೆ ಕೂತಳು, ದಂಟಿನಸೊಪ್ಪಿನ ಮೇಲೆ.

ಭಾನುವಾರ ಬೆಳಿಗ್ಗೆ ನನ್ನ ಊಟದ ಮೇಜು ಅವಳ ವಶವಾಯಿತು. ನಾನು ಕನ್ನಡದ ಅಂಕಿ ಓದುವುದು, ಅವಳು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುವುದು. ಕಾನ್ವೆಂಟಿನ ದೆಸೆಯಿಂದ ನನಗೆ ೩ಕ್ಕೂ ೬ಕ್ಕೂ ವ್ಯತ್ಯಾಸ ತಿಳಿಯಲು ಕನ್ನಡಕ ಬೇಕಾಯಿತು. ಹಾಗಾಗಿ ಪ್ರತಿಯೊಂದನ್ನೂ ಎರಡೆರಡು ಸಲ ಓದಿದೆವು. ಹನ್ನೊಂದರ ಹೊತ್ತಿಗೆ ಮೊದಲ ಜೋಡಿಯ ಚುಕ್ಕಿಗಳು ಒಂದು ಬಾಗಿದ ಗೆರೆಯಾದವು. ಒಂದೂ ಹೊರಗೆ ಬೀಳಲಿಲ್ಲ. ಎರಡನೆಯದು, ಮೂರನೆಯದು, ಆರನೆಯದೂ ಹಾಗೇ. ಶಶಿ ಪೆನ್ಸಿಲ್ ಕೆಳಗಿಟ್ಟಳು.

“ಗಂಡ ಸುಮ್ಮನಾದ ಕಣೇ,” ಅಂದಳು.

ನಾನು ಕಿಟಕಿಯಿಂದ ಹಿಂದಿನ ಮನೆಯತ್ತ ನೋಡಿದೆ.

“ಅಲ್ಲ ದೀಪ್ತಿ, ಇಲ್ಲಿ! ಭಾರ ಇರೋ ತನಕ ಅಂಟಿನ ಗಡಿಯಾರ ಬೇಗ ಓಡ್ತಿತ್ತು. ಭಾರ ಇಳಿದ ಕ್ಷಣ ಅದು ಮಾಮೂಲಿ ವೇಗಕ್ಕೆ ಬಂತು. ಹಿಂದಕ್ಕೆ ಬರುವಾಗಿನ ಈ ಗೆರೆಯಲ್ಲಿ ಅದರ ಸ್ವಂತ ವೇಗ ಮಾತ್ರ ಇದೆ. ಏರುವಾಗಿನ ಗೆರೆ ಪಕ್ಕದಲ್ಲಿ ಇದನ್ನ ಇಟ್ರೆ, ಎಷ್ಟು ಜಾಸ್ತಿ, ಎಷ್ಟು ಬೇಗ, ಎರಡೂ ಬೇರೆ ಬೇರೆ ಆಗತ್ತೆ. ಆರು ತಿಂಗಳಿಂದ ನನ್ನ ಕೈಲಿ ಆಗದ್ದನ್ನ ಅಮ್ಮ ಹುಣಸೆಹಣ್ಣು ಹಾಕಿ ತೊಳೆದುಬಿಟ್ಟಳು!”

ಮೂರು ವಾರ ಕಾಲೇಜಿನ ಕಂಪ್ಯೂಟರಿನ ಮುಂದೆ ಕೂತು ಅವಳು ಸೂತ್ರವನ್ನು ಹೊಸದಾಗಿ ಕಟ್ಟಿದಳು. ಆರೂ ಜೋಡಿಗಳು ಒಂದೇ ಸೂತ್ರಕ್ಕೆ ಒಗ್ಗಿದವು. ಕುಣಿಯುತ್ತ ಹೋಗಿ ರಾಮಾನುಜ ಅವರ ಮುಂದಿಟ್ಟಳು. ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿದರು.

“ಚೆನ್ನಾಗಿದೆ. ಆದ್ರೆ ನೋಡಮ್ಮಾ, ಆಗಿ ಹೋಗಿದ್ದಕ್ಕೆ ಗೆರೆ ಕೂರಿಸೋದು ದೊಡ್ಡದಲ್ಲ. ದರ್ಜಿ ಹತ್ರ ಅಳತೆ ಕೊಟ್ಟು ಹೊಲಿಸಿದ ಅಂಗಿ ಮೈಗೆ ಕೂತೇ ಕೂರತ್ತೆ. ಇನ್ನೂ ಆಗಿಲ್ಲದ್ದನ್ನ ಹೇಳು ನೋಡೋಣ.”

ಒಂದು ಹಾಳೆ ತೆಗೆದುಕೊಂಡು ತಮ್ಮ ಕೈಯಾರೆ ಬರೆದರು. ಹೊಸದಾಗಿ ಏಳನೆಯ ಜೋಡಿ ಅಂಟಿಸಬೇಕು. ಅದಕ್ಕೆ ಇಪ್ಪತ್ತೆಂಟು ದಿನ: ಐದು ದಿನ ಮೂರು ಕೆಜಿ, ಆರು ದಿನ ಆರು ಕೆಜಿ, ಎರಡು ದಿನ ಖಾಲಿ, ಹತ್ತು ದಿನ ಏಳು ಕೆಜಿ, ಕೊನೆಯ ಐದು ದಿನ ಐದು ಕೆಜಿ. ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮುಳ್ಳು ಎಲ್ಲಿ ನಿಂತಿರುತ್ತದೆ ಎಂಬ ಒಂದೇ ಒಂದು ಅಂಕಿಯನ್ನು ಈಗಲೇ ಲಕೋಟೆಯಲ್ಲಿ ಅಂಟಿಸಿ ಕೊಡಬೇಕು. ತಾವೂ ತಮ್ಮ ಲೀನಿಯರ್ ಲೆಕ್ಕದ ಅಂಕಿಯನ್ನು ಇನ್ನೊಂದು ಲಕೋಟೆಯಲ್ಲಿ ಇಡುತ್ತಾರೆ.

“ನಿನ್ನ ಅಂಕಿಗೂ ಮುಳ್ಳಿಗೂ ವ್ಯತ್ಯಾಸ ನೂರಕ್ಕೆ ಹತ್ತರ ಒಳಗೆ ಬಂತೋ, ಅವತ್ತೇ ಸಹಿ ಹಾಕ್ತೀನಿ. ಬರಲಿಲ್ವೋ, ನನ್ನ ಕೈಲಿ ಆಗಲ್ಲಮ್ಮಾ. ಗಡುವು ಇದೆ ಅಂತ ಸುಳ್ಳಿಗೆ ಸಹಿ ಹಾಕಕ್ಕಾಗಲ್ಲ.”

ಎಂಟು ವರ್ಷ ಈಗ ಒಂದು ಮುಳ್ಳಿನ ತುದಿಗೆ ಬಂದು ನಿಂತಿತು.

ಮರಿಯಣ್ಣನ ಅಂಗಡಿಯಿಂದ ಏಳನೆಯ ಸನ್ನೆಗೋಲು ಬಂತು, ನವೆಂಬರಿನ ಕೊನೆಯಲ್ಲಿ ಪರೀಕ್ಷೆ ಶುರು. ಕಲ್ಲು ಏರಿಸಿ ಇಳಿಸುವ ಕೆಲಸಕ್ಕೆ ಸಪ್ಪಲಮ್ಮ ಮಗಳನ್ನು ಹತ್ತಿರಕ್ಕೂ ಬಿಡಲಿಲ್ಲ. “ನಿನ್ ಕೈ ನಡುಗ್ತದೆ, ಆಚೆ ಹೋಗು” ಎಂದು ಒಂದೇ ಏಟಿಗೆ ದೂಡಿದರು. ಕೋಣೆಯ ಬಿಸಿ ಏರಿಳಿಯಬಾರದೆಂದು ಕಿಟಕಿಗೆ ಗೋಣಿಚೀಲ ಕಟ್ಟಿದರು. ನಡುಮನೆಯಲ್ಲಿ ಯಾರೂ ಧಡಧಡ ನಡೆಯುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ. ಮುನಿರಾಜು ಒಂದು ದಿನ ಜೋರಾಗಿ ಸೀನಿದ್ದಕ್ಕೆ ಅವನ ಊಟದ ಜಾಗವೇ ಹಿತ್ತಲಿಗೆ ಹೋಯಿತು. ಅಷ್ಟೆಲ್ಲ ದಿನ ಶಶಿ ಮುಳ್ಳಿನ ಕಡೆ ನೋಡಲಿಲ್ಲ. ಪುಸ್ತಕವನ್ನೂ ತೆರೆಯಲಿಲ್ಲ. ನೋಡಿದರೆ ತಾನು ಲಕೋಟೆಯಲ್ಲಿಟ್ಟ ಅಂಕಿಯ ಕಡೆ ಮನಸ್ಸು ಮುಳ್ಳನ್ನು ತಳ್ಳುತ್ತದೆ ಅಂದಳು. ಮನಸ್ಸಿಗೆ ಅಷ್ಟು ಬಲವಿದ್ದರೆ ನಾನು ಹಿಂದಿನ ಮನೆಯವರನ್ನು ಯಾವತ್ತೋ ತಳ್ಳಿಬಿಡುತ್ತಿದ್ದೆ.

ಇಪ್ಪತ್ತೆಂಟನೆಯ ದಿನ ರಾಮಾನುಜ ಅವರ ಸ್ಕೂಟರು ಹತ್ತಕ್ಕೆ ಹತ್ತು ನಿಮಿಷವಿರುವಾಗಲೇ ಬಂತು. ಚಪ್ಪಲಿ ಹೊರಗೆ ಬಿಟ್ಟು, ಬೆಕ್ಕಿನ ಹೆಜ್ಜೆಯಿಟ್ಟು ಒಳಗೆ ಬಂದರು. ಜೇಬಿನಿಂದ ಎರಡು ಲಕೋಟೆ ತೆಗೆದು ನನ್ನ ಕೈಗೆ ಕೊಟ್ಟರು. “ನೀವು ಹೊರಗಿನವರು, ನೀವೇ ಇಟ್ಕೊಳ್ಳಿ.” ಆರು ಜೋಡಿ, ಏಳನೆಯ ಜೋಡಿ, ಗೋಣಿ ಕಟ್ಟಿದ ಕಿಟಕಿ, ಎಲ್ಲವನ್ನೂ ಒಮ್ಮೆ ನೋಡಿ ಮುಳ್ಳಿನ ಹತ್ತಿರ ಬಗ್ಗಿದರು.

“ದೂರ ನಿಂತ್ಕೊಳಿ ಸ್ವಾಮಿ. ಉಸಿರು ತಾಗಿದ್ರೂ ಅಲುಗ್ತದೆ,” ಅಂದರು ಸಪ್ಪಲಮ್ಮ.

ಪ್ರೊಫೆಸರು ಎರಡು ಹೆಜ್ಜೆ ಹಿಂದೆ ಸರಿದರು. ಗೋಡೆಯ ಗಡಿಯಾರ ಹತ್ತು ಹೊಡೆಯಿತು. ಸಪ್ಪಲಮ್ಮ ಕನ್ನಡಕ ಸರಿಮಾಡಿಕೊಂಡು ಓದಿದರು.

“ಎಂಬತ್ತೆರಡು.”

ರಾಮಾನುಜ ಅವರೂ ಉಸಿರು ಬಿಗಿಹಿಡಿದು ಬಗ್ಗಿ ನೋಡಿದರು. “ಹೌದು. ಎಂಬತ್ತೆರಡು. ಲಕೋಟೆ ತೆಗೀರಿ. ಮೊದಲು ನನ್ನದು.”

ನಾನು ಹರಿದೆ. “ಐವತ್ತೊಂದು.”

ಶಶಿ ತೊಲೆ ನೋಡುತ್ತಿದ್ದಳು. ಎರಡನೆಯ ಲಕೋಟೆ ಹರಿಯಲು ಹೋದರೆ ಬರಲೊಲ್ಲದು. ಪುಣ್ಯಾತ್ಗಿತ್ತಿ ಅದನ್ನು ತನ್ನದೇ ಅಂಟು ಹಚ್ಚಿ ಮುಚ್ಚಿದ್ದಳು! ಹಲ್ಲಿನಿಂದ ಕಿತ್ತೆ. ಆಗಲಿಲ್ಲ. ಕೊನೆಗೆ ಸಪ್ಪಲಮ್ಮ ಸೊಪ್ಪು ಹೆಚ್ಚುವ ಈಳಿಗೆಮಣೆ ತಂದು ಅದರ ಅಂಚು ಕತ್ತರಿಸಿದರು.

“ಎಂಬತ್ತನಾಲ್ಕು,” ಎಂದೆ.

ರಾಮಾನುಜ ಅವರು ಜೇಬಿನ ಪೆನ್ನು ತೆಗೆದು ಅಂಗೈ ಮೇಲೆ ಭಾಗಾಕಾರ ಮಾಡಿದರು. “ನೂರಕ್ಕೆ ಎರಡೂವರೆ ಕೂಡ ಇಲ್ಲ,” ಅಂದರು. ಇನ್ನೊಮ್ಮೆ ಮಾಡಿದರು. ಆಮೇಲೆ ಅವರು ಜೋರಾಗಿ ನಕ್ಕರು. ಮುನಿರಾಜುವಿನ ಸೀನೊಂದನ್ನು ಬಿಟ್ಟರೆ ಆ ನಡುಮನೆಯಲ್ಲಿ ಇಪ್ಪತ್ತೆಂಟು ದಿನಗಳಲ್ಲಿ ಆದ ಮೊದಲ ಜೋರು ಸದ್ದು ಅದು. ಮುಳ್ಳು ನಡುಗಿತು, ಈಗ ಅದನ್ನು ಯಾರೂ ಲೆಕ್ಕಿಸಲಿಲ್ಲ. “ಮೂವತ್ತು ವರ್ಷ ಗೆರೆ ನೇರ ಇದೆ ಅಂತ ಪಾಠ ಮಾಡಿದ್ದೆ ಕಣಮ್ಮಾ. ಎಲ್ಲಿ, ಹಾಳೆ ಕೊಡು ಸಹಿ ಹಾಕಕ್ಕೆ.”

ಶಶಿಗೆ ಹಾಳೆ ಎಲ್ಲಿಟ್ಟಿದ್ದೇನೆಂದು ನೆನಪಾಗಲಿಲ್ಲ. ಅವಳು ಅಮ್ಮನ ಹೆಗಲ ಮೇಲೆ ತಲೆಯಿಟ್ಟು ನಿಂತುಬಿಟ್ಟಿದ್ದಳು. ಸಪ್ಪಲಮ್ಮ, “ಬುಡು, ಬುಡು, ಈಳಿಗೆ ಐತೆ ಕೈಯಾಗೆ” ಎನ್ನುತ್ತಿದ್ದರು. ಹಿತ್ತಲಿನಿಂದ ಮುನಿರಾಜು ಕೂಗಿದ, “ಅಕ್ಕಾ, ಇನ್ನು ಸೀನಬೋದಾ?”

ಥೀಸಿಸ್ ಮಾರ್ಚ್ ಹನ್ನೆರಡಕ್ಕೆ, ಗಡುವಿಗೆ ಹತ್ತೊಂಬತ್ತು ದಿನ ಮೊದಲೇ, ಒಪ್ಪಿಸಿದ್ದಾಯಿತು. ಅನುಬಂಧದಲ್ಲಿ ಲಕ್ಷ್ಮಿ ಪುಸ್ತಕದ ಪುಟಗಳ ಪ್ರತಿಯನ್ನು ಕನ್ನಡದ ಅಂಕಿಗಳ ಸಮೇತ ಹಾಗೇ ಹಾಕಿದಳು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಅವನ್ನು ದಿಟ್ಟಿಸಿ, ಈ ಕಲ್ಲುಗಳ ತೂಕ ಸರಿಯಿದೆ ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದರಂತೆ. ಶಶಿ ಇಲಾಖೆಯ ಸೀಲು ತೋರಿಸಿದಳು. ಅರಿಸಿನ ಕುಂಕುಮದ ತೂಕ ಕಳೆದಿದ್ದೀರಾ ಎಂದು ಅವರು ತಮಾಷೆಗೆ ಕೇಳಿದರು. ಶಶಿ ತಮಾಷೆ ಮಾಡದೆ ಹೇಳಿದಳು, “ಕಳೆದಿದ್ದೇನೆ ಸರ್. ಒಂದೂವರೆ ಗ್ರಾಂ. ಪುಟ ನೂರ ಅರವತ್ತು.” ಆ ಪುಟದಲ್ಲಿ ನನ್ನ ‘ದಿ’ ಮೂರು ಇವೆ.

ಮುಂದಿನ ಆಯುಧಪೂಜೆಯ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ರಸ್ತೆಯಲ್ಲಿ ಸ್ಕೂಟರಿನ ಸದ್ದು. ರಾಮಾನುಜ ಅವರು, ಅವರ ಹಿಂದೆ ಹೊಸದಾಗಿ ಸಂಶೋಧನೆಗೆ ಸೇರಿದ್ದ ಮೂವರು. ಎಲ್ಲರ ಕೈಯಲ್ಲೂ ನೋಟುಪುಸ್ತಕ, ಒಬ್ಬರ ಕತ್ತಿನಲ್ಲಿ ಸ್ಟಾಪ್‌ವಾಚ್. ತೊಲೆಯಲ್ಲಿ ಈಗ ಹನ್ನೆರಡು ಜೋಡಿ. ಬಾಗಿಲಲ್ಲಿ ‘ಡಾ. ಶಶಿರೇಖಾ’ ಎಂಬ ಹಿತ್ತಾಳೆಯ ಫಲಕ, ಒಂದೂ ಮೊಳೆಯಿಲ್ಲದೆ ನಿಂತಿತ್ತು. ಎಷ್ಟು ವರ್ಷ ನಿಲ್ಲುತ್ತದೆಂದು ಅವಳಿಗೆ ಗೊತ್ತು.

“ಸಪ್ಪಲಮ್ಮನವರೇ, ಕಲ್ಲು ಇಳಿಸೋ ಮುಹೂರ್ತ ಎಷ್ಟೊತ್ತಿಗೆ?” ಅಂದರು ರಾಮಾನುಜ ಅವರು, ಹೊಸಿಲಾಚೆ ನಿಂತುಕೊಂಡೇ.

ಸಪ್ಪಲಮ್ಮ ರೇಷ್ಮೆ ಸೀರೆಯುಟ್ಟು, ಕಡ್ಲೆಪುರಿಯ ಮೊರವನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡರು.

“ಮೊದ್ಲು ಎಲ್ರೂ ಕೈಕಾಲು ತೊಳ್ಕೊಂಡು ಬನ್ನಿ. ಶಶೀ, ನೀನು ಮೊದಲ್ನೇದು ಇಳಿಸು. ಸ್ವಾಮಿ, ನೀವು ಬರ್ಕೊಳಿ. ಯಾರೂ ಉಸಿರು ಬುಡಂಗಿಲ್ಲ. ಹೂಂ... ಒಂದು ನಿಮ್ಷ!”

ನಾಲ್ಕು ತಲೆಗಳು ಒಟ್ಟಿಗೆ ಮುಳ್ಳಿನತ್ತ ಬಾಗಿದವು. ನಾನು ಪುರಿ ಅಗಿಯುವುದನ್ನೂ ನಿಲ್ಲಿಸಿದೆ.

“ಎರಡು!” ಅಂದರು ಸಪ್ಪಲಮ್ಮ.